ವಿಂಡೋಸ್ 11ಕ್ಕೆ ಹೋದ ಮೇಲೆ ಹಳೇ ಫೋಟೋಶಾಪ್, ಪಿಕಾಸಾ ನಡೀತದಾ?

ರಥಬೀದಿ ಸ್ಟುಡಿಯೋ, ಉಡುಪಿ

ಎಲ್ಲರಿಗೂ ನಮಸ್ಕಾರ. ನಮ್ಮದು ಅಪ್ಪ ಶುರು ಮಾಡಿದ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಂ, ಉಪನಯನ, ಎರಡು ವರ್ಷಕ್ಕೊಮ್ಮೆ ಪರ್ಯಾಯದ ಗಡಿಬಿಡಿ. ಈಗಿನ ಕಂಪ್ಯೂಟರಿನಲ್ಲಿ ವಿಂಡೋಸ್ 10 ಉಂಟು. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗಿದದ್ದು ಗೊತ್ತೇ ಉಂಟಲ್ಲ. ಪ್ರೊಸೆಸರ್ ಇಂಟೆಲ್ ಆರನೇ ತಲೆಮಾರಿನದ್ದು, 11 ಕೇಳುವುದು ಎಂಟನೆಯದ್ದೋ ಅದರ ನಂತರದ್ದೋ. ಹಾಗಾಗಿ ಹೊಸ ಕಂಪ್ಯೂಟರೇ ತಗೊಳ್ಳುವುದು ಅಂತ ಆಗಿದೆ.

ಚಿಂತೆ ಇರುವುದು ಒಳಗಿನ ಹಳೇ ಸಾಮಾನಿನದ್ದು. ಫೋಟೋಶಾಪ್ ಸಿಎಸ್6 ಉಂಟು. ಡಿಸ್ಕ್, ಸೀರಿಯಲ್ ನಂಬರ್, ಬಿಲ್ಲು ಎಲ್ಲ ಜೋಪಾನವಾಗಿದೆ. ಗೂಗಲ್‌ನ ಫೋಟೋ ಜೋಡಿಸಿಡುವ ಪ್ರೋಗ್ರಾಮ್ ಪಿಕಾಸಾ 3.9ರಲ್ಲಿ ಗಿರಾಕಿಗಳ ಮುಖಕ್ಕೆಲ್ಲ ಅಪ್ಪ ಹೆಸರು ಬರೆದಿಟ್ಟಿದ್ದಾರೆ. ‘ನನ್ನ ಅಜ್ಜನ ಫೋಟೋ ಉಂಟಾ’ ಅಂತ ಯಾರಾದರೂ ಬಂದರೆ ಹುಡುಕುವುದು ಅದರಲ್ಲೇ. 12×36 ಆಲ್ಬಂ ಪುಟಗಳ ಪಿಎಸ್‌ಡಿ (ಫೋಟೋಶಾಪಿನ ಕಡತ) ರಾಶಿ ಉಂಟು, ಕನ್ನಡ ಅಕ್ಷರವೆಲ್ಲ ನುಡಿ ಫಾಂಟಿನಲ್ಲಿ. ನೆಗೆಟಿವ್ ಸ್ಕ್ಯಾನ್ ಮಾಡ್ಲಿಕ್ಕೆ ಒಂದು ನಿಕಾನ್ ಕೂಲ್‌ಸ್ಕ್ಯಾನ್. ಅದಕ್ಕಾಗಿಯೇ ಮೂಲೆಯಲ್ಲಿ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇಟ್ಟಿದ್ದೇವೆ, ಈಗ ಅದೂ ಏದುಸಿರು ಬಿಡ್ತಾ ಉಂಟು.

ತಿಂಗಳು ತಿಂಗಳು ದುಡ್ಡು ಕೊಟ್ಟು ಹೊಸ ಫೋಟೋಶಾಪ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ. ಅಪ್ಪನಿಗೆ ಸಿಎಸ್6 ಕಣ್ಣು ಮುಚ್ಚಿ ಬರ್ತದೆ. ಎಪ್ಪತ್ತು ದಾಟಿದವರಿಗೆ ಈಗ ಬೇರೆ ಕಲಿಸ್ಲಿಕ್ಕೆ ನನಗೆ ಧೈರ್ಯ ಇಲ್ಲ.

ಹಂಪನಕಟ್ಟೆ ರಿಪೇರಿ, ಮಂಗಳೂರು

ಸಿಎಸ್6 ಬಂದದ್ದು 2012ರಲ್ಲಿ. ಅದರಲ್ಲಿ 64 ಬಿಟ್ (ಅಂಕಿ ದೊಡ್ಡದಾದಷ್ಟು ಹೊಸ ಜಾತಿ) ಆವೃತ್ತಿಯೂ ಉಂಟು, 11ರಲ್ಲಿ ಆರಾಮ ನಡೀತದೆ. ಪಿಕಾಸಾ 32 ಬಿಟ್, ಅದೂ ನಡೀತದೆ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಆದರೆ 32 ಬಿಟ್ ಪ್ರೋಗ್ರಾಮುಗಳಿಗೆ ಅದರಲ್ಲಿ ಜಾಗ ಉಂಟು. ಜಾಗ ಇಲ್ಲದ್ದು 16 ಬಿಟ್‌ನವಕ್ಕೆ, ಮತ್ತೆ 32 ಬಿಟ್ ಡ್ರೈವರ್‌ಗಳಿಗೆ, ಅಂದರೆ ಪ್ರಿಂಟರ್, ಸ್ಕ್ಯಾನರ್ ನಡೆಸುವ ಪ್ರೋಗ್ರಾಮುಗಳಿಗೆ. ನನ್ನ ಟೇಬಲ್ಲಿಗೆ ಬರುವ ಸ್ಟುಡಿಯೋ ಕಂಪ್ಯೂಟರ್‌ಗಳಲ್ಲಿ ಕೈಕೊಡುವುದು ಹೆಚ್ಚಾಗಿ ಮುಖ್ಯ ಪ್ರೋಗ್ರಾಮ್ ಅಲ್ಲ. ಸ್ಕ್ಯಾನರ್, ಪ್ರಿಂಟರ್, ಆಲ್ಬಂ ಸಾಫ್ಟ್‌ವೇರಿನ ಯುಎಸ್‌ಬಿ ಡಾಂಗಲ್ (ಲೈಸೆನ್ಸಿನ ಕೀಲಿ), ಫಾಂಟ್, ಇವೇ.

ಈಗ ನೀವು ಮೊದಲು ಮಾಡಬೇಕಾದ್ದು: ಹಳೇ ಕಂಪ್ಯೂಟರಿಗೆ ಜೀವ ಇರುವಾಗಲೇ, ನೆಟ್ ಹಾಕಿ, ಫೋಟೋಶಾಪಿನ ಹೆಲ್ಪ್ ಮೆನುವಿಗೆ ಹೋಗಿ ‘ಡಿಆಕ್ಟಿವೇಟ್’ ಒತ್ತಿ. ಒಂದು ಲೈಸೆನ್ಸಿಗೆ ಎರಡೇ ಕಂಪ್ಯೂಟರ್. ಡಿಸ್ಕ್ ಫಾರ್ಮ್ಯಾಟ್ ಆಯ್ತೆಂದರೆ ಆ ಒಂದು ಜಾಗ ಅಲ್ಲೇ ಸಿಕ್ಕಿಬೀಳ್ತದೆ. ಸಿಎಸ್2, ಸಿಎಸ್3 ಇಟ್ಟುಕೊಂಡವರಿಗೆ ಈ ದಾರಿಯೂ ಇಲ್ಲ, ಅವುಗಳ ಆಕ್ಟಿವೇಷನ್ ಸರ್ವರ್‌ಗಳನ್ನು ಅಡೋಬಿ ಮುಚ್ಚಿ ಆಗಿದೆ.

ಆಮೇಲೆ ಇಡೀ ಡಿಸ್ಕಿನ ಇಮೇಜ್, ಅಂದರೆ ಪಡಿಯಚ್ಚು, ತೆಗೀರಿ. ಕ್ಲೋನ್‌ಜಿಲ್ಲಾ ಅಂತ ಉಂಟು, ದುಡ್ಡಿಲ್ಲ. ಹಳೇ ಡಿಸ್ಕನ್ನು ಮುಟ್ಟದೆ ಹಾಗೇ ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ನಮ್ಮ ಊರಿನ ಜೂನ್ ಜುಲೈ ಗೊತ್ತುಂಟಲ್ಲ, ಕಪಾಟಿನೊಳಗಿನ ಲೆನ್ಸಿಗೇ ಫಂಗಸ್ ಬರ್ತದೆ.

ಹೊಸದರಲ್ಲಿ ಹಳೇ ಪ್ರೋಗ್ರಾಮ್ ಇನ್‌ಸ್ಟಾಲ್ ಆಗುವುದಿಲ್ಲ ಅಂತ ಹಠ ಮಾಡಿದರೆ, ‘ವಿಂಡೋಸ್ ಫೀಚರ್ಸ್’ ಪಟ್ಟಿಯಲ್ಲಿ ಡಾಟ್‌ನೆಟ್ 3.5ಕ್ಕೆ ಟಿಕ್ ಹಾಕಿ ನೋಡಿ. ಅರ್ಧಕ್ಕರ್ಧ ಅಲ್ಲೇ ಸರಿಯಾಗ್ತದೆ. ಕ್ರ್ಯಾಕ್ ಹಾಕಿದ ಫೋಟೋಶಾಪ್ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ವಿಂಡೋಸಿನ ವೈರಸ್ ಕಾವಲುಗಾರ ಡಿಫೆಂಡರ್ ಅದನ್ನು ಎತ್ತಿ ಬಿಸಾಡ್ತದೆ, ಬಿಸಾಡಲಿ.

ಸುರತ್ಕಲ್ ಮಾಷ್ಟ್ರು

ಪಿಕಾಸಾ ಎಂಬ ಹೆಸರು ನೋಡಿ ಒಳಗೆ ಬಂದೆ. ನಾನು ನಿವೃತ್ತ ಅಧ್ಯಾಪಕ. ಮಗಳು ಹೊಸ ಲ್ಯಾಪ್‌ಟಾಪ್ ತೆಗೆಸಿಕೊಟ್ಟಿದ್ದಾಳೆ. ಅಳಿಯ ಹಳೆಯದರಿಂದ ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ತಂದು ಇದಕ್ಕೆ ಹಾಕಿದ. ಫೋಟೋ ಬಂತು. ಆದರೆ ನಾನು ಕೂತು ಕೂತು ಕತ್ತರಿಸಿದ್ದು, ಬೆಳಕು ಸರಿ ಮಾಡಿದ್ದು ಒಂದೂ ಇಲ್ಲ, ಎಲ್ಲ ಕ್ಯಾಮರಾದಿಂದ ಬಂದ ಹಾಗೇ ಇವೆ. ನಕ್ಷತ್ರ ಹಾಕಿದ್ದೂ ಇಲ್ಲ, ಮೊಮ್ಮಕ್ಕಳ ಹೆಸರೂ ಇಲ್ಲ. ಇದು ಹೊಸ ವಿಂಡೋಸಿನ ದೋಷವೋ?

ಮಣಿಪಾಲ ಲ್ಯಾಬ್

ಮಾಷ್ಟ್ರೇ, ಹಳೇ ಕಂಪ್ಯೂಟರ್ ಗುಜರಿಗೆ ಹೋಗಿಲ್ಲ ಅಲ್ವಾ? ಹೋಗಿಲ್ಲವಾದರೆ ಏನೂ ಕಳೆದಿಲ್ಲ. ವಿಂಡೋಸಿಗೂ ಇದಕ್ಕೂ ಸಂಬಂಧ ಇಲ್ಲ.

ಪಿಕಾಸಾ ಫೋಟೋವನ್ನು ತಿದ್ದುವುದಿಲ್ಲ. ಏನು ತಿದ್ದಬೇಕು ಅಂತ ಪಕ್ಕದಲ್ಲಿ ಚೀಟಿ ಬರೆದಿಡ್ತದೆ. ಪ್ರತಿ ಫೋಲ್ಡರಿನೊಳಗೆ ‘ಡಾಟ್ ಪಿಕಾಸಾ ಡಾಟ್ ಐಎನ್‌ಐ’ ಅಂತ ಒಂದು ಅಡಗಿಸಿಟ್ಟ ಕಡತ ಇರ್ತದೆ. ಕ್ರಾಪ್, ಬೆಳಕು, ನಕ್ಷತ್ರ ಎಲ್ಲ ಅದರಲ್ಲಿ. ನೀವು ‘ಸೇವ್’ ಒತ್ತಿದ್ದರೆ ಮಾತ್ರ ಅದು ಜೆಪೆಗ್ ಮೇಲೆಯೇ ಬರೆದು, ಮೂಲ ಪ್ರತಿಯನ್ನು ‘ಪಿಕಾಸಾ ಒರಿಜಿನಲ್ಸ್’ ಎಂಬ ಇನ್ನೊಂದು ಅಡಗಿದ ಫೋಲ್ಡರಿಗೆ ಸರಿಸ್ತದೆ. ಅಳಿಯಂದಿರು ಫೋಟೋಗಳನ್ನು ಮಾತ್ರ ಆರಿಸಿ ಕಾಪಿ ಮಾಡಿರಬೇಕು, ಚೀಟಿ ಅಲ್ಲೇ ಉಳಿದಿದೆ. ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ನಲ್ಲಿ ‘ಹಿಡನ್ ಐಟಮ್ಸ್’ ತೋರಿಸಿ ಅಂತ ಹೇಳಿ, ಫೋಲ್ಡರನ್ನೇ ಪೂರ್ತಿ ಎತ್ತಿ ತನ್ನಿ.

ಮುಖದ ಹೆಸರಿನದ್ದು ಬೇರೆ ವಿಷಯ, ರಥಬೀದಿಯವರೂ ಗಮನ ಕೊಡಿ. ಹೆಸರುಗಳ ಪಟ್ಟಿ ಇರುವುದು ಫೋಟೋ ಫೋಲ್ಡರಿನಲ್ಲಿ ಅಲ್ಲ. ಬಳಕೆದಾರರ ಹೆಸರಿನ ಫೋಲ್ಡರ್, ಅದರೊಳಗೆ ಆಪ್‌ಡೇಟಾ, ಲೋಕಲ್, ಗೂಗಲ್ ಅಂತ ಹೋದರೆ ‘ಪಿಕಾಸಾ2’, ‘ಪಿಕಾಸಾ2 ಆಲ್ಬಮ್ಸ್’ ಅಂತ ಎರಡು ಸಿಕ್ತವೆ. ಎರಡನ್ನೂ ಹೊಸ ಕಂಪ್ಯೂಟರಿನಲ್ಲಿ ಅದೇ ಜಾಗಕ್ಕೆ ಹಾಕಬೇಕು. ಫೋಟೋಗಳೂ ಮೊದಲಿನ ಡ್ರೈವ್ ಅಕ್ಷರ, ಮೊದಲಿನ ಫೋಲ್ಡರ್ ಹೆಸರಿನಲ್ಲೇ ಕೂರಬೇಕು. ಡಿ ಡ್ರೈವಿನಲ್ಲಿದ್ದದ್ದು ಡಿಯಲ್ಲೇ. ಯಾಕೆಂದರೆ ಪಿಕಾಸಾದ ಡೇಟಾಬೇಸ್ ಫೋಟೋವನ್ನು ಗುರುತಿಸುವುದು ಅದರ ದಾರಿಯಿಂದ. ವಿಂಡೋಸ್ 11ರಲ್ಲಿ ಒನ್‌ಡ್ರೈವ್ ಬ್ಯಾಕಪ್ ಆನ್ ಆಗಿದ್ದರೆ ‘ಪಿಕ್ಚರ್ಸ್’ ಫೋಲ್ಡರ್ ಒನ್‌ಡ್ರೈವಿನ ಒಳಗೆ ಹೋಗಿ ಕೂರ್ತದೆ, ದಾರಿ ಬದಲಾಗ್ತದೆ. ಪಿಕಾಸಾ ಎಲ್ಲವನ್ನೂ ಹೊಸ ಫೋಟೋ ಅಂತ ಮೊದಲಿಂದ ಓದ್ಲಿಕ್ಕೆ ಶುರು ಮಾಡ್ತದೆ. ಅದನ್ನು ಮೊದಲೇ ಆಫ್ ಮಾಡಿ.

ಗೂಗಲ್ ಪಿಕಾಸಾವನ್ನು ನಿಲ್ಲಿಸಿದ್ದು 2016ರ ಮಾರ್ಚಿನಲ್ಲಿ. ಇನ್ನು ಯಾವ ಅಪ್‌ಡೇಟೂ ಬರುವುದಿಲ್ಲ. ಇವತ್ತು 11ರಲ್ಲಿ ನಡೀತದೆ, ನಾಳೆಯ ಗ್ಯಾರಂಟಿ ಯಾರೂ ಕೊಡುವುದಿಲ್ಲ. ಹಾಗಾಗಿ ನಾನು ಹೇಳುವುದು, ಪಿಕಾಸಾ ತೆರೀತದಾ ಅಂತ ನೋಡಿ ಖುಷಿಪಡುವ ಮೊದಲು ಅದರೊಳಗಿನ ಹೆಸರುಗಳನ್ನು ಫೋಟೋದೊಳಕ್ಕೆ ಬರೆಸಿ. ಟೂಲ್ಸ್ ಮೆನು, ಎಕ್ಸ್‌ಪೆರಿಮೆಂಟಲ್, ‘ರೈಟ್ ಫೇಸಸ್ ಟು ಎಕ್ಸ್‌ಎಂಪಿ’. ಎಕ್ಸ್‌ಎಂಪಿ ಅಂದರೆ ಫೋಟೋದ ವಿವರ ಬರೆದಿಡುವ ರೂಪ. ಮೊದಲು ಒಂದು ಫೋಲ್ಡರಿನ ನಕಲಿನ ಮೇಲೆ ಮಾಡಿ ನೋಡಿ. ಹಾಗೆ ಬರೆದ ಹೆಸರನ್ನು ಡಿಜಿಕ್ಯಾಮ್ ಎಂಬ ಪುಕ್ಕಟೆ ಫೋಟೋ ಪ್ರೋಗ್ರಾಮ್ ಓದ್ತದೆ. ಫೋಟೋ ಕೆಳಗೆ ಬರೆದ ಕ್ಯಾಪ್ಶನ್ ಹೇಗೂ ಜೆಪೆಗ್ ಒಳಗೇ ಇರ್ತದೆ, ಅದಕ್ಕೆ ಹೆದರಬೇಡಿ.

ಸುರತ್ಕಲ್ ಮಾಷ್ಟ್ರು

ಹಳೆಯದು ಅಟ್ಟದ ಮೇಲೆ ಇದೆ. ಅಳಿಯನನ್ನು ಭಾನುವಾರ ಬರಹೇಳುತ್ತೇನೆ. ಉಪಕಾರವಾಯಿತು.

ಬಿಜೈ ಡಿಟಿಪಿ

ರಥಬೀದಿ ತಮ್ಮಾ, ನುಡಿ ಫಾಂಟಿನ ವಿಷಯ ನನ್ನನ್ನು ಕೇಳಿ. ಆಮಂತ್ರಣ ಪತ್ರಿಕೆ ಮಾಡ್ತಾ ಮಾಡ್ತಾ ಕೂದಲು ಹಣ್ಣಾಯಿತು.

ಹೊಸ ಕಂಪ್ಯೂಟರಿನಲ್ಲಿ ಪಿಎಸ್‌ಡಿ ತೆರೀತೀರಿ, ಫಾಂಟ್ ಇಲ್ಲ ಅಂತ ಹೇಳ್ತದೆ. ಸರಿ ಅಂತ ಒತ್ತಿ ಅಕ್ಷರ ತಿದ್ದಲಿಕ್ಕೆ ಹೋದರೆ ಮದುಮಗಳ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಚುಕ್ಕಿ, ಗೆರೆ ಇರುವ ಇಂಗ್ಲಿಷ್ ಅಕ್ಷರದ ಸಾಲು. ನುಡಿಯ ಹಳೇ ಫಾಂಟಿನಲ್ಲಿ ಒಳಗಿರುವುದೇ ಅದು, ಮೇಲೆ ಕನ್ನಡದ ಅಂಗಿ ಅಷ್ಟೇ. ಫಾಂಟ್ ಸಿಕ್ಕಿದ ಕೂಡಲೇ ಸರಿಯಾಗ್ತದೆ.

ಆದರೆ ಇಲ್ಲಿ ಒಂದು ಗಮ್ಮತ್ತು ಉಂಟು. ಫಾಂಟ್ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಒತ್ತಿದರೆ, ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ, ಅದು ಹೋಗಿ ಕೂರುವುದು ಆ ಬಳಕೆದಾರನ ಸ್ವಂತ ಫೋಲ್ಡರಿನಲ್ಲಿ. ವರ್ಡಿನಲ್ಲಿ ಕಾಣ್ತದೆ, ನೋಟ್‌ಪ್ಯಾಡಿನಲ್ಲಿ ಕಾಣ್ತದೆ, ಹಳೇ ಅಡೋಬಿ ಪ್ರೋಗ್ರಾಮುಗಳಿಗೆ ಕಾಣುವುದಿಲ್ಲ. ಅವು ಹುಡುಕುವುದು ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಲ್ಲಿ ಮಾತ್ರ. ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಅಂತ ಕೆಳಗೆ ಇನ್ನೊಂದು ಇರ್ತದೆ, ಅದನ್ನು ಒತ್ತಿ. 11ರಲ್ಲಿ ಅದು ಕಾಣದಿದ್ದರೆ ‘ಶೋ ಮೋರ್ ಆಪ್ಶನ್ಸ್’ ಒಳಗೆ ಹೋಗಿ. ಇದು ಗೊತ್ತಿಲ್ಲದೆ ಫೋಟೋಶಾಪ್ ತೆಗೆದು ಮತ್ತೆ ಹಾಕಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಹಳೇ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಯಾವ ಪಿಎಸ್‌ಡಿಯಲ್ಲಿ ಯಾವುದನ್ನು ಹಾಕಿದ್ದೀರಿ ಅಂತ ನಿಮಗೇ ನೆನಪಿರುವುದಿಲ್ಲ. ತೀರಾ ಮುಖ್ಯದ್ದಾದರೆ ಒಂದು ನಕಲು ತೆಗೆದು ಅದರಲ್ಲಿ ಅಕ್ಷರದ ಲೇಯರನ್ನು ‘ಕನ್ವರ್ಟ್ ಟು ಶೇಪ್’ ಮಾಡಿಡಿ. ತಿದ್ದಲಿಕ್ಕೆ ಆಗುವುದಿಲ್ಲ, ಆದರೆ ಯಾವ ಕಂಪ್ಯೂಟರಿನಲ್ಲೂ ಅಕ್ಷರ ಕೆಡುವುದಿಲ್ಲ. ಪಠ್ಯವನ್ನೇ ಯೂನಿಕೋಡಿಗೆ (ಎಲ್ಲ ಕಡೆ ಓದುವ ಅಕ್ಷರ ಸಂಕೇತಕ್ಕೆ) ತರಬೇಕಾದರೆ ನುಡಿ, ಬರಹ ಎರಡರಲ್ಲೂ ಪರಿವರ್ತಕ ಉಂಟು. ಆದರೆ ನನ್ನ ಸಿಎಸ್3ಗೆ ಯೂನಿಕೋಡ್ ಕನ್ನಡ ಅಂಟಿಸಿದರೆ ಒತ್ತಕ್ಷರ ಎಲ್ಲ ಬಿಚ್ಚಿ ಹರಡ್ತದೆ, ಹಾಗಾಗಿ ನಾನಿನ್ನೂ ಹಳತರಲ್ಲೇ ಇದ್ದೇನೆ.

ಕುಂದಾಪ್ರದವ

ಹ್ವಾಯ್, ಇಷ್ಟ್ ರಗಳೆ ಎಂತಕೆ ಮಾರ್ರೆ? ವಿಂಡೋಸ್ ಬಿಟ್ಟು ಪುಕ್ಕಟೆ ಲಿನಕ್ಸ್ ಹಾಕಿ ಕಾಣಿ. ಆರನೇ ತಲೆಮಾರಿನ ಕಂಪ್ಯೂಟರ್ ಇನ್ನೂ ಗಟ್ಟಿ ಉಂಟು, ಅದನ್ನು ಮೂಲೆಗೆ ಎಸೆಯುವುದು ಯಾವ ನ್ಯಾಯ? ಡಿಜಿಕ್ಯಾಮ್, ಡಾರ್ಕ್‌ಟೇಬಲ್, ಜಿಂಪ್, ಫೋಟೋ ಕೆಲಸದ ಇವೆಲ್ಲ ಪುಕ್ಕಟೆ. ಜಿಂಪ್ 3.0 2025ರ ಮಾರ್ಚಿನಲ್ಲಿ ಬಂತು, ಈಗ ಫಿಲ್ಟರ್ ಹಾಕಿದ ಮೇಲೂ ತಿದ್ದಬಹುದು. ಸಿಎಸ್6 ಬೇಕೇ ಬೇಕಾದರೆ ವಿಂಡೋಸ್ ಪ್ರೋಗ್ರಾಮನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಮೂಲಕ ಓಡಿಸಿ.

ಹಂಪನಕಟ್ಟೆ ರಿಪೇರಿ, ಮಂಗಳೂರು

ಕುಂದಾಪ್ರದವರೇ, ನಿಮ್ಮ ಉತ್ಸಾಹಕ್ಕೆ ನಮಸ್ಕಾರ. ಆದರೆ ಅವರ ಆಲ್ಬಂ ಪಿಎಸ್‌ಡಿಗಳಲ್ಲಿ ಲೇಯರ್ ಎಫೆಕ್ಟ್, ಸ್ಮಾರ್ಟ್ ಆಬ್ಜೆಕ್ಟ್ ಇರ್ತದೆ, ಜಿಂಪ್ ಅದನ್ನು ಹಾಗೆಹಾಗೇ ತೆರೆಯುವುದಿಲ್ಲ. ನುಡಿ ಕೀಲಿಮಣೆ ಎಲ್ಲಿಂದ ತರ್ತೀರಿ? ಪಾಸ್‌ಪೋರ್ಟ್ ಪ್ರಿಂಟರಿಗೆ ಡ್ರೈವರ್? ಎದುರಿಗೆ ಗಿರಾಕಿ ನಿಂತು ‘ಐದು ನಿಮಿಷದಲ್ಲಿ ಆಗ್ತದಾ’ ಅಂತ ಕೇಳ್ತಿರುವಾಗ ಅಪ್ಪ ಟರ್ಮಿನಲ್ ತೆರೆದು ಕೂರುವುದು ಬೇಡ.

ಕುಂದಾಪ್ರದವ

ಪ್ರಿಂಟರ್ ವಿಷಯ ಒಪ್ಪಿದೆ. ಆದ್ರೂ ಹಳೇ ಕಂಪ್ಯೂಟರನ್ನು ನೆಗೆಟಿವ್ ಸ್ಕ್ಯಾನ್ ಮಾಡೂಕೆ ಇಟ್ಕಣಿ, ಅದ್ರಲ್ಲಿ ಲಿನಕ್ಸ್ ಹಾಕಿ. ಹೇಳುದ್ ಹೇಳಿದೆ.

ಆಟದ ಫೋಟೋ, ಕದ್ರಿ

ನಾನು ಯಕ್ಷಗಾನದ ಹಿಂದೆ ಬಿದ್ದವ. ಮೇಳ ಹೊರಟಿತೆಂದರೆ ಪತ್ತನಾಜೆಯವರೆಗೆ (ಮೇಳದ ತಿರುಗಾಟ ಮುಗಿಯುವ ದಿನ) ರಾತ್ರಿ ನಿದ್ದೆ ಇಲ್ಲ. ಮ್ಯಾಕ್ ಇಟ್ಟುಕೊಂಡವರಿಗೆ ಮೇಲೆ ಹೇಳಿದ ಸಮಾಧಾನ ಯಾವುದೂ ಅನ್ವಯಿಸುವುದಿಲ್ಲ ಅಂತ ಹೇಳಿ ಹೋಗ್ತೇನೆ. 2019ರ ಮ್ಯಾಕ್ ಆವೃತ್ತಿ ಕ್ಯಾಟಲೀನಾದಲ್ಲಿ ಆಪಲ್ 32 ಬಿಟ್ ಪ್ರೋಗ್ರಾಮುಗಳನ್ನು ಪೂರ್ತಿ ನಿಲ್ಲಿಸಿತು. ಮ್ಯಾಕ್‌ನ ಸಿಎಸ್6 ಸ್ವತಃ 64 ಬಿಟ್ ಆದರೂ ಅದರ ಇನ್‌ಸ್ಟಾಲರ್, ಲೈಸೆನ್ಸ್ ಭಾಗ 32 ಬಿಟ್. ಅಡೋಬಿಯದ್ದೇ ಫೋಟೋ ಪ್ರೋಗ್ರಾಮ್ ಲೈಟ್‌ರೂಮ್ 6ಕ್ಕೂ ಅದೇ ಗತಿ. ಆಪಲ್‌ನದ್ದೇ ಫೋಟೋ ಪ್ರೋಗ್ರಾಮ್ ಅಪರ್ಚರ್ ಕ್ಯಾಟಲೀನಾದ ಹಿಂದಿನ ಮೊಜಾವೆಗೆ ಕೊನೆ. ಈಗ ಇಂಟೆಲ್ ಮ್ಯಾಕ್‌ಗೆ ಬರುವ ಕೊನೆಯ ಆವೃತ್ತಿ ಟಾಹೋ ಅಂತ ಅವರೇ ಹೇಳಿ ಆಗಿದೆ. ಹಳೇ ಮ್ಯಾಕ್‌ನಲ್ಲಿ ಕೆಲಸ ನಡೀತಿದ್ದರೆ ಅಪ್‌ಗ್ರೇಡ್ ಗುಂಡಿ ಒತ್ತುವ ಮೊದಲು ನೂರು ಸಲ ಯೋಚಿಸಿ.

ನಾನು ಲೈಟ್‌ರೂಮ್ 6ನ್ನು ವಿಂಡೋಸಿಗೆ ತಂದೆ, ನಡೀತಾ ಉಂಟು. ಮ್ಯಾಪ್ ಮಾತ್ರ ಇಲ್ಲ, ಅದು 2018ರ ಕೊನೆಗೇ ನಿಂತಿತು. ಒಂದು ಎಚ್ಚರಿಕೆ: ‘ಎಕ್ಸ್‌ಎಂಪಿಗೆ ಬರೆ’ ಅಂತ ಆನ್ ಮಾಡಿಟ್ಟರೆ ತಿದ್ದಿದ್ದು, ಕೀವರ್ಡ್, ನಕ್ಷತ್ರ ಫೋಟೋ ಜೊತೆ ಹೋಗ್ತದೆ. ಕಲೆಕ್ಷನ್, ವರ್ಚುವಲ್ ಕಾಪಿ, ಆಯ್ಕೆಯ ಬಾವುಟ ಹೋಗುವುದಿಲ್ಲ, ಅವು ಕ್ಯಾಟಲಾಗಿನಲ್ಲೇ. ಬಡಗುತಿಟ್ಟು, ತೆಂಕುತಿಟ್ಟು, ಒಬ್ಬೊಬ್ಬ ಕಲಾವಿದನಿಗೆ ಒಂದೊಂದು ಅಂತ ನಾನು ವಿಂಗಡಿಸಿದ್ದೆಲ್ಲ ಕಲೆಕ್ಷನ್‌ನಲ್ಲಿತ್ತು. ಕೊನೆಗೆ ಒಂದೊಂದು ಕಲೆಕ್ಷನ್ ತೆರೆದು ಎಲ್ಲವನ್ನೂ ಆರಿಸಿ ಅದೇ ಹೆಸರನ್ನು ಕೀವರ್ಡ್ ಆಗಿ ಕೊಟ್ಟೆ. ಬೇಸರದ ಕೆಲಸ, ಆದರೆ ಈಗ ಆ ಹೆಸರನ್ನು ಯಾವ ಪ್ರೋಗ್ರಾಮೂ ಓದ್ತದೆ.

ರಥಬೀದಿ ಸ್ಟುಡಿಯೋ, ಉಡುಪಿ

ಎಲ್ಲರಿಗೂ ದೊಡ್ಡ ಉಪಕಾರ. ಹೊಸ ಕಂಪ್ಯೂಟರ್ ಬಂತು. ಡಿಆಕ್ಟಿವೇಟ್ ಮಾಡಿಯೇ ಹಳೆಯದರ ವೈರ್ ತೆಗೆದದ್ದು. ಸಿಎಸ್6 ಹತ್ತಿತು, ಬಿಜೈ ಅಕ್ಕ ಹೇಳಿದ ಹಾಗೆ ‘ಆಲ್ ಯೂಸರ್ಸ್’ ಒತ್ತಿದ್ದಕ್ಕೆ ನುಡಿ ಕೂಡ ಬಂತು. ಪಿಕಾಸಾದಲ್ಲಿ ಮುಖದ ಹೆಸರು ಎಲ್ಲ ಉಂಟು. ಎಕ್ಸ್‌ಎಂಪಿಗೆ ಬರೆಸುವುದು ರಾತ್ರಿ ಹಾಕಿಟ್ಟು ಮಲಗ್ತಿದ್ದೇನೆ.

ಎರಡು ತಕರಾರು. ಹೊಸ ಮಾನಿಟರ್ 4ಕೆ. ಸಿಎಸ್6ರ ಮೆನು ಇರುವೆಯಷ್ಟು ಚಿಕ್ಕದಾಗಿ ಕಾಣ್ತದೆ, ಅಪ್ಪ ಭೂತಗನ್ನಡಿ ತಗೊಂಡು ಕೂತಿದ್ದಾರೆ. ಇನ್ನೊಂದು, ಪಿಕಾಸಾದಿಂದ ‘ಪಿಕ್ಚರ್ಸ್’ ಒಳಗೆ ಸೇವ್ ಮಾಡ್ಲಿಕ್ಕೆ ಹೋದರೆ ಆಗುವುದಿಲ್ಲ ಅಂತದೆ. ಡಿ ಡ್ರೈವಿಗೆ ಆಗ್ತದೆ.

ಮಣಿಪಾಲ ಲ್ಯಾಬ್

ಎರಡನೆಯದು ಸುಲಭ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಒಳಗೆ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಅಂತ ಉಂಟು. ಯಾರೋ ಅದನ್ನು ಆನ್ ಮಾಡಿದ್ದಾರೆ. ಗುರುತಿಲ್ಲದ ಪ್ರೋಗ್ರಾಮು ಪಿಕ್ಚರ್ಸ್, ಡಾಕ್ಯುಮೆಂಟ್ಸ್ ಒಳಗೆ ಬರೆಯದ ಹಾಗೆ ಅದು ತಡೀತದೆ. ಆಫ್ ಮಾಡಬೇಡಿ, ಪಿಕಾಸಾವನ್ನು ಅನುಮತಿ ಪಟ್ಟಿಗೆ ಸೇರಿಸಿ.

ಮೊದಲನೆಯದಕ್ಕೆ, ಫೋಟೋಶಾಪ್ ಐಕಾನಿನ ಪ್ರಾಪರ್ಟೀಸ್, ಕಂಪಾಟಿಬಿಲಿಟಿ, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’, ಅಲ್ಲಿ ಓವರ್‌ರೈಡ್‌ಗೆ ಟಿಕ್ ಹಾಕಿ ‘ಸಿಸ್ಟಮ್’ ಆರಿಸಿ. ಮೆನು ದೊಡ್ಡದಾಗ್ತದೆ.

ಹಂಪನಕಟ್ಟೆ ರಿಪೇರಿ, ಮಂಗಳೂರು

ದೊಡ್ಡದಾಗ್ತದೆ, ಸರಿ. ಆದರೆ ಅದು ಮೆನುವನ್ನು ಮಾತ್ರ ಅಲ್ಲ, ಒಳಗಿನ ಫೋಟೋವನ್ನೂ ಹಿಗ್ಗಿಸ್ತದೆ. 200 ಶೇಕಡಾ ಸ್ಕೇಲಿಂಗ್ ಇದ್ದರೆ ಫೋಟೋದ ಒಂದು ಪಿಕ್ಸೆಲ್ ಪರದೆಯ ನಾಲ್ಕು ಪಿಕ್ಸೆಲ್ ಮೇಲೆ ಹರಡ್ತದೆ. ಅಪ್ಪ 100 ಶೇಕಡಾದಲ್ಲಿಟ್ಟು ಶಾರ್ಪ್‌ನೆಸ್ ನೋಡುವಾಗ ಎಲ್ಲ ಮಸುಕು ಅಂತ ಕಾಣ್ತದೆ, ಅವರು ಜಾಸ್ತಿ ಶಾರ್ಪ್ ಮಾಡಿ ಬಿಡ್ತಾರೆ, ಪ್ರಿಂಟಿನಲ್ಲಿ ಮುಖದ ಗೆರೆಯೆಲ್ಲ ಎದ್ದು ಬರ್ತದೆ. ನನ್ನ ಅಭಿಪ್ರಾಯ, ಹಳೇ 1080 ಮಾನಿಟರ್ ಇನ್ನೂ ಒಳ್ಳೇದಿದ್ದರೆ ಅದನ್ನೇ ಅಪ್ಪನ ಎದುರು ಇಡಿ. 4ಕೆ ನೀವು ಇಟ್ಟುಕೊಳ್ಳಿ.

ರಥಬೀದಿ ಸ್ಟುಡಿಯೋ, ಉಡುಪಿ

ಇದು ತಲೆಗೇ ಹೊಳೆದಿರಲಿಲ್ಲ ಮಾರಾಯ್ರೆ! ಹಳೇ ಮಾನಿಟರ್ ಹಾಕಿದೆ, ಅಪ್ಪ ಖುಷಿ. ಪ್ರಿಂಟರಿಗೆ ಕಂಪನಿಯ ತಾಣದಲ್ಲೇ 64 ಬಿಟ್ ಡ್ರೈವರ್ ಸಿಕ್ಕಿತು. ಇನ್ನು ಕೂಲ್‌ಸ್ಕ್ಯಾನ್ ಒಂದು ಬಾಕಿ.

ಆಟದ ಫೋಟೋ, ಕದ್ರಿ

ನಿಕಾನ್ ಸ್ಕ್ಯಾನ್ ಸಾಫ್ಟ್‌ವೇರ್ ವಿಸ್ಟಾ 32 ಬಿಟ್‌ವರೆಗೆ ಮಾತ್ರ. ವ್ಯೂಸ್ಕ್ಯಾನ್ ತಗೊಳ್ಳಿ, ಹಳೇ ಸ್ಕ್ಯಾನರುಗಳಿಗೆಂದೇ ಇರುವಂಥದ್ದು, ದುಡ್ಡು ಕೊಡಬೇಕು. ಮೊದಲು ಪುಕ್ಕಟೆ ಹಾಕಿ ನೋಡಬಹುದು, ಫೋಟೋದ ಮೇಲೆ ಗುರುತು ಬೀಳ್ತದೆ ಅಷ್ಟೇ. ನಿಮ್ಮ ಸ್ಕ್ಯಾನರಿಗೆ ಯುಎಸ್‌ಬಿ ವೈರ್ ಇದ್ದರೆ ಸುಲಭ, ಫೈರ್‌ವೈರ್ (ಹಳೇ ಬಗೆಯ ವೈರ್) ಆದರೆ ಕಾರ್ಡ್ ಹುಡುಕಬೇಕು. ಡ್ರೈವರ್ ಹತ್ತದಿದ್ದರೆ ವಿಂಡೋಸ್ ಸೆಕ್ಯುರಿಟಿಯ ‘ಕೋರ್ ಐಸೊಲೇಶನ್’ನಲ್ಲಿ ‘ಮೆಮೊರಿ ಇಂಟೆಗ್ರಿಟಿ’ ಯಾವ ಡ್ರೈವರನ್ನು ತಡೆದಿದೆ ಅಂತ ನೋಡಿ. ಅದನ್ನು ಆಫ್ ಮಾಡಿ ಅಂತ ಯೂಟ್ಯೂಬಿನಲ್ಲಿ ಹೇಳ್ತಾರೆ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ನಾನಂತೂ ಮಾಡುವುದಿಲ್ಲ.

ಬಿಜೈ ಡಿಟಿಪಿ

ಅದಕ್ಕೆ ನಾನು ಹೇಳುವುದು, ಹಳೇ ಯಂತ್ರವನ್ನು ನೆಟ್ ತೆಗೆದು ಹಾಗೇ ಇಟ್ಟುಕೊಳ್ಳಿ ಅಂತ. ನನ್ನ ಸಿಎಸ್3 ಇನ್ನೊಂದು ಕಂಪ್ಯೂಟರಿಗೆ ಹೋಗುವುದೇ ಇಲ್ಲ, ಆಕ್ಟಿವೇಷನ್ ಇಲ್ಲವಲ್ಲ. ವಿಂಡೋಸ್ 7 ಇದೆ, ನೆಟ್ ಇಲ್ಲ, ಪೆನ್‌ಡ್ರೈವ್ ಕೂಡ ಹೊಸ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿಯೇ ಹಾಕುವುದು. ಒಂದು ತಾಪತ್ರಯ ಇಲ್ಲ.

ಮಣಿಪಾಲ ಲ್ಯಾಬ್

ಅಕ್ಕಾ, ಆ ಯಂತ್ರದ ಮದರ್‌ಬೋರ್ಡ್ ಒಂದು ಸಿಡಿಲಿಗೆ ಹೋಯ್ತೆಂದು ಇಟ್ಟುಕೊಳ್ಳಿ. ಆಗ? ಮೇ ತಿಂಗಳ ಗುಡುಗಿಗೆ ಇಲ್ಲಿ ಎಷ್ಟು ಮೋಡೆಮ್ ಹೋಗಿವೆ ಅಂತ ನಿಮಗೇ ಗೊತ್ತು. ಡಿಸ್ಕ್2ವಿಎಚ್‌ಡಿ ಅಂತ ಮೈಕ್ರೋಸಾಫ್ಟಿನದ್ದೇ ಚಿಕ್ಕ ಸಾಧನ ಉಂಟು, ಇಡೀ ಡಿಸ್ಕನ್ನು ಒಂದು ಫೈಲ್ ಮಾಡಿ ಕೊಡ್ತದೆ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸಿನಲ್ಲಿ ತೆರೆಯಬಹುದು. ಸಿಎಸ್3 ಅದನ್ನು ಬೇರೆ ಯಂತ್ರ ಅಂತ ತಿಳಿದು ಆಕ್ಟಿವೇಷನ್ ಕೇಳಲೂಬಹುದು, ಹಾಗಾಗಿ ಅದನ್ನೇ ನಂಬಿ ಕೂರಬೇಡಿ. ಪಿಎಸ್‌ಡಿ, ಫಾಂಟ್, ಪೇಜ್‌ಮೇಕರ್ ಕಡತ ಎಲ್ಲ ಆ ಯಂತ್ರದ ಹೊರಗೂ ಇರಲಿ.

ಬಿಜೈ ಡಿಟಿಪಿ

ಹೊರಗೆ ಉಂಟು, ಎರಡು ಕಡೆ. ಸಿಡಿಲು ಬಂದರೆ ನಾನು ಪ್ಲಗ್ಗೇ ಕೀಳ್ತೇನೆ.

ಸುರತ್ಕಲ್ ಮಾಷ್ಟ್ರು

ಅಳಿಯ ಬಂದಿದ್ದ. ಅಡಗಿದ ಕಡತ ಸಹಿತ ತಂದೆವು, ಕತ್ತರಿಸಿದ್ದೂ ನಕ್ಷತ್ರವೂ ಹೆಸರುಗಳೂ ಬಂದವು. ಈಗ ಹೊಸ ಪ್ರಶ್ನೆ. ಮಗಳು ಐಫೋನಿನಿಂದ ಕಳಿಸುವ ಫೋಟೋ ಪಿಕಾಸಾದಲ್ಲಿ ಕಾಣುವುದೇ ಇಲ್ಲ.

ಮಣಿಪಾಲ ಲ್ಯಾಬ್

ಅದು ಎಚ್‌ಇಐಸಿ ರೂಪ, ಮಾಷ್ಟ್ರೇ. ಐಫೋನಿನಲ್ಲಿ 2017ರಿಂದ ಬಂದದ್ದು, ಪಿಕಾಸಾ ನಿಂತ ಮೇಲೆ. ಮಗಳ ಹತ್ತಿರ ಫೋನಿನ ಸೆಟ್ಟಿಂಗ್ಸ್, ಕ್ಯಾಮರಾ, ಫಾರ್ಮ್ಯಾಟ್ಸ್ ಒಳಗೆ ‘ಮೋಸ್ಟ್ ಕಂಪಾಟಿಬಲ್’ ಆರಿಸಲಿಕ್ಕೆ ಹೇಳಿ. ಮುಂದೆ ತೆಗೆಯುವುದೆಲ್ಲ ಜೆಪೆಗ್ ಆಗಿ ಬರ್ತದೆ. ಈಗಾಗಲೇ ಬಂದದ್ದನ್ನು ಡಿಜಿಕ್ಯಾಮಿನಲ್ಲಿ ಜೆಪೆಗ್ ಮಾಡಿಕೊಳ್ಳಬಹುದು.

ರಥಬೀದಿ ಸ್ಟುಡಿಯೋ, ಉಡುಪಿ

ಅದೇ ಜಾತಿಯ ಪ್ರಶ್ನೆ ನನ್ನದೂ. ತಮ್ಮ ಹೊಸ ಮಿರರ್‌ಲೆಸ್ ಕ್ಯಾಮರಾ ತಗೊಂಡಿದ್ದಾನೆ, ಅದರ ರಾ ಫೈಲ್ (ಕ್ಯಾಮರಾದ ಕಚ್ಚಾ ಫೋಟೋ) ಸಿಎಸ್6ಗೆ ತೆರೆಯುವುದಿಲ್ಲ.

ಆಟದ ಫೋಟೋ, ಕದ್ರಿ

ಸಿಎಸ್6ರಲ್ಲಿ ರಾ ತೆರೆಯುವ ಭಾಗ, ‘ಕ್ಯಾಮರಾ ರಾ’, 9.1.1 ಆವೃತ್ತಿಗೆ ನಿಂತಿತು. ರಾ ಫೈಲನ್ನು ಡಿಎನ್‌ಜಿ ರೂಪಕ್ಕೆ ತರುವ ಅಡೋಬಿ ಡಿಎನ್‌ಜಿ ಕನ್ವರ್ಟರ್ ಹಾಕಿ, ಅದು ಪುಕ್ಕಟೆ, ಹೊಸ ಕ್ಯಾಮರಾಗಳಿಗೆ ಈಗಲೂ ಅಪ್‌ಡೇಟ್ ಆಗ್ತಾ ಉಂಟು. ಪ್ರಿಫರೆನ್ಸಸ್‌ನಲ್ಲಿ ಕಂಪಾಟಿಬಿಲಿಟಿಯನ್ನು ‘ಕ್ಯಾಮರಾ ರಾ 7.1 ಆಂಡ್ ಲೇಟರ್’ ಅಂತ ಇಡಿ. ಫೋಲ್ಡರ್ ಇಡೀ ಒಮ್ಮೆಗೇ ಪರಿವರ್ತನೆ ಆಗ್ತದೆ. ಮೂಲ ರಾ ಮಾತ್ರ ಡಿಲೀಟ್ ಮಾಡಬೇಡಿ, ಜಾಗ ಸಾಲದಿದ್ದರೆ ಇನ್ನೊಂದು ಹಾರ್ಡ್ ಡಿಸ್ಕ್ ತಗೊಳ್ಳಿ.

ರಥಬೀದಿ ಸ್ಟುಡಿಯೋ, ಉಡುಪಿ

ತೆರೆಯಿತು. ಬಣ್ಣ ಸ್ವಲ್ಪ ಬೇರೆ ಕಾಣ್ತದೆ, ಅದನ್ನು ಬೇರೆ ಎಳೆಯಲ್ಲಿ ಕೇಳ್ತೇನೆ.